ಪೆಟ್ರೋಲ್ ಟ್ಯಾಂಕಿಗೆ ಕೋಟಿಂಗ್ ಮಾಡಿಸೋರು ಮೊದಲು ಬೋಲ್ಟ್ ನೋಡಿ!

ಬರೆಯೋಕೆ ನಾಚಿಕೆ ಆಗ್ತಿದೆ. ಆದ್ರೂ ಬರೀತಿದ್ದೀನಿ, ಯಾಕಂದ್ರೆ ನನ್ನ ಟ್ಯಾಂಕ್ ಹಾಳು ಮಾಡಿದ ಮೆಕ್ಯಾನಿಕ್ ಪುಣ್ಯಾತ್ಮ ನಾಳೆ ಇನ್ಯಾರದ್ದೋ ಟ್ಯಾಂಕಿಗೆ ಇದೇ ಬಣ್ಣ ಸುರೀತಾನೆ.

ನನ್ನದು ಕಾರ್ಬುರೇಟರ್ ಕಾಲದ ಕಾರು. ಒಂದೂವರೆ ವರ್ಷ ಓಡಿಸದೆ ನಿಲ್ಲಿಸಿದ್ದೆ. ಪೆಟ್ರೋಲ್ ಹಳಸಿ ವಾರ್ನಿಶ್ ವಾಸನೆ, ಫಿಲ್ಟರ್ ತುಂಬ ಕೆಂಪು ಪುಡಿ. ಎಥನಾಲ್ ಬೆರೆಸಿದ ಪೆಟ್ರೋಲ್ ಗಾಳಿಯಲ್ಲಿರೋ ತೇವ ಹೀರುತ್ತೆ, ನಿಂತ ಗಾಡಿಯಲ್ಲಿ ನೀರು ತಳ ಸೇರುತ್ತೆ, ತುಕ್ಕು ಅಲ್ಲಿಂದಲೇ ಶುರು. ಇದು ನಿಮಗೆಲ್ಲ ಗೊತ್ತಿರೋದೇ. ನನಗೂ ಗೊತ್ತಿತ್ತು. ಗೊತ್ತಿದ್ದೂ ಟೋಪಿ ಹಾಕಿಸ್ಕೊಂಡೆ, ಅದಕ್ಕೇ ಹೊಟ್ಟೆ ಉರಿಯೋದು.

ಹಳೇ ಗಾಡಿ ಅಂದ್ರೆ ಇವನೇ ಅಂತ ಹೆಸರಿರೋ ಮೆಕ್ಯಾನಿಕ್. ಮಾತಾಗಿದ್ದು ಇಷ್ಟು: ಟ್ಯಾಂಕ್ ಇಳಿಸಿ, ತುಕ್ಕು ತೆಗೆದು, ಮತ್ತೆ ತುಕ್ಕು ಹಿಡಿಯದ ಹಾಗೆ ಒಳಗೆ ಕೋಟಿಂಗ್, ಅಂದ್ರೆ ಬಣ್ಣದಂಥ ಪದರ. ಪೆಟ್ರೋಲ್ ಪೈಪ್ ಎಲ್ಲ ಹೊಸದು. ಎರಡನೇ ದಿನವೇ ಫೋಟೊ ಕಳಿಸಿದ, ಬಿಸಿಲಲ್ಲಿ ಫಳಫಳ ಹೊಳೆಯೋ ಟ್ಯಾಂಕ್. ಕೆಲವು ಕೋಟಿಂಗ್ ಪೂರ್ತಿ ಒಣಗೋಕೇ ನಾಲ್ಕು ದಿನ ಬೇಕು, ಎರಡು ದಿನದಲ್ಲಿ ಎಲ್ಲ ಹೇಗೆ ಮುಗೀತು ಅಂತ ಕೇಳೋ ಬುದ್ಧಿ ನನಗೆ ಬರಲಿಲ್ಲ. ಬದಲಿಗೆ ಆ ಫೋಟೊನ ಕಂಡಕಂಡವರಿಗೆಲ್ಲ ತೋರಿಸಿದೆ.

ಮೂರು ವಾರಕ್ಕೆ ಗಾಡಿ ಸಾಯೋಕೆ ಶುರು. ಐಡಲಿಂಗ್ ಚೆನ್ನಾಗಿದೆ, ಮೆಲ್ಲಗೆ ಹೋದ್ರೆ ಚೆನ್ನಾಗಿದೆ. ಸ್ವಲ್ಪ ಸ್ಪೀಡ್ ಹಿಡಿದ್ರೆ ಉಸಿರು ಕಟ್ಟಿದ ಹಾಗೆ ಗಕ್ ಗಕ್ ಅಂತ ನಿಂತುಬಿಡುತ್ತೆ. ಐದು ನಿಮಿಷ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್.

ಫೋನ್ ಮಾಡಿದೆ. "ವೇಪರ್ ಲಾಕ್ ಸರ್, ಬಿಸಿಗೆ ಹಳೇ ಗಾಡಿಗಳಲ್ಲಿ ಮಾಮೂಲು. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ." ಅಂದ್ರೆ ಬಿಸಿಗೆ ಪೆಟ್ರೋಲ್ ಪೈಪಲ್ಲೇ ಆವಿಯಾಗಿ, ಪಂಪಿಗೆ ಎಳೆಯೋಕೆ ಆಗ್ತಿಲ್ಲ ಅಂತ. ಹಾಕಿದೆ! ನಡುರಸ್ತೆಯಲ್ಲಿ ಬಾನೆಟ್ ಎತ್ತಿ, ಅಕ್ಕ ಭಾವನ್ನ ಗಾಡಿಯಲ್ಲಿ ಕೂರಿಸಿಕೊಂಡೇ, ಮಗುವಿನ ಜ್ವರಕ್ಕೆ ಹಾಕೋ ಹಾಗೆ ಪಂಪಿಗೆ ಒದ್ದೆ ಬಟ್ಟೆ ಹಾಕಿದೆ. ಒಂದು ಸಲ ಅಲ್ಲ, ನಾಲ್ಕು ಸಲ.

ಆಮೇಲೆ ಒಂದು ದಿನ ಬೆಳಗಿನ ಜಾವ, ಮೈ ನಡುಗೋ ಚಳಿಯಲ್ಲೂ ನಿಂತಿತು. ಈ ಚಳಿಯಲ್ಲಿ ಎಂಥ ವೇಪರ್ ಲಾಕ್?

ಪಂಪಿನ ಹತ್ತಿರ ಪೈಪ್ ಬಿಚ್ಚಿ ಹಿಂದಕ್ಕೆ ಊದಿದೆ. ಟ್ಯಾಂಕಲ್ಲಿ ಗುಳುಗುಳು ಸದ್ದು, ಗಾಡಿ ಸ್ವಲ್ಪ ದೂರ ಸರಿಯಾಗಿ ಓಡಿತು, ಮತ್ತೆ ಅದೇ ಕಥೆ. ಮನೆಗೆ ತಂದು, ಟ್ಯಾಂಕಿಗೆ ಕೂರಿಸಿರೋ ಪೆಟ್ರೋಲ್ ಗೇಜಿನ ಯೂನಿಟ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಕೋಟಿಂಗ್ ಹಾವಿನ ಪೊರೆ ಥರ ಎದ್ದು ತೇಲಾಡ್ತಿದೆ. ಸ್ಪೀಡಲ್ಲಿ ಪಂಪ್ ಜೋರಾಗಿ ಎಳೆದಾಗ ಆ ಪೊರೆ ಹೋಗಿ ಟ್ಯಾಂಕಿನ ಪೈಪಿನ ಬಾಯಿಗೆ ಕೂರುತ್ತೆ, ಇಂಜಿನ್ ನಿಂತ ಮೇಲೆ ಬಿಡುತ್ತೆ. ಅದರಡಿ ನನ್ನ ಹಳೇ ತುಕ್ಕು ಹಾಗೇ ಇದೆ.

ಟ್ಯಾಂಕ್ ಇಳಿಸೋಣ ಅಂತ ಕೆಳಗೆ ಮಲಗಿದೆ. ನಾಲ್ಕೂ ಬೋಲ್ಟಿನ ಮೇಲೆ ವರ್ಷಗಟ್ಟಲೆ ಕೂತ ಕೆಸರು, ಗಟ್ಟಿಯಾಗಿ, ಒಂದು ಬಿರುಕೂ ಇಲ್ಲದೆ. ಸ್ಪ್ಯಾನರ್ ಮುಟ್ಟೇ ಇಲ್ಲ! ಟ್ಯಾಂಕ್ ಇದ್ದಲ್ಲೇ ಮೇಲಿಂದ ಬಣ್ಣ ಸುರಿದಿದ್ದಾನೆ. ಹಾಗಾದ್ರೆ ಫೋಟೊ? ತೆಗೆದು ನೋಡಿದ್ರೆ ಅದರಲ್ಲಿ ಪೆಟ್ರೋಲ್ ಖಾಲಿ ಮಾಡೋ ಡ್ರೈನ್ ಪ್ಲಗ್ ಎಡಕ್ಕಿದೆ, ನನ್ನದು ಬಲಕ್ಕೆ. ಯಾರದ್ದೋ ಟ್ಯಾಂಕ್. ಯಾರದ್ದೋ ಟ್ಯಾಂಕನ್ನ ನನ್ನದು ಅಂತ ಊರಿಗೆಲ್ಲ ತೋರಿಸಿದ್ದೀನಿ ನಾನು.

ಪೈಪ್‌ಗಳೂ ಅಷ್ಟೇ. ಬಾನೆಟ್ ಎತ್ತಿದ್ರೆ ಕಾಣೋಷ್ಟು ಮಾತ್ರ ಹೊಸದು. ಟ್ಯಾಂಕಿನ ಪಕ್ಕದ ತುಂಡು ಬಗ್ಗಿಸಿದ್ರೆ ಬಾಯಿ ಬಿಡುತ್ತೆ, ಅದೂ ಸೈಲೆನ್ಸರ್ ಹತ್ತಿರ. ಕೇಳಿದ್ದಕ್ಕೆ ಬಂದ ಉತ್ತರ: "ಅದು ಕಂಪನಿ ಪೈಪ್ ಸರ್. ಒರಿಜಿನಲ್ ತೆಗೆದ್ರೆ ಗಾಡಿ ವ್ಯಾಲ್ಯೂ ಹೋಗುತ್ತೆ."

ಬೋಲ್ಟ್ ವಿಷಯ ಎತ್ತಿದೆ. "ಕೋಟಿಂಗ್ ಹೇಳಿದ್ರಿ, ಮಾಡಿದ್ವಿ. ನಿಮ್ಮ ಪೆಟ್ರೋಲಲ್ಲಿ ಎಥನಾಲ್ ಇದ್ರೆ ನಾನೇನ್ ಮಾಡ್ಲಿ?" ಫೋಟೊ ವಿಷಯಕ್ಕೆ ಉತ್ತರವೇ ಇಲ್ಲ.

ಉದುರೋ ತುಕ್ಕೆಲ್ಲ ಹೋಗದೆ, ಒಳಗೆ ಪೂರ್ತಿ ಒಣಗದೆ ಕೋಟಿಂಗ್ ಸರಿಯಾಗಿ ಹಿಡಿಯಲ್ಲ. ಟ್ಯಾಂಕ್ ತೂತಾಗಿಲ್ಲ ಅಂದ್ರೆ ಕೋಟಿಂಗ್ ಗೊಡವೆಗೇ ಹೋಗಬೇಡಿ, ತೊಳೆಸಿ ಸಾಕು. ಗಾಡಿ ಬಿಡೋ ಮುಂಚೆ ಬೋಲ್ಟಿಗೆ ಬಣ್ಣದ ಗುರುತು ಹಾಕಿ. ತೆಗೆದ ಹಳೇ ಪೈಪ್ ಎಲ್ಲ ವಾಪಸ್ ಕೇಳಿ. ಹೊಸ ಪೈಪ್ ಮೇಲೆ ಎಸ್‌ಎಇ ಜೆ30 ಆರ್9 ಅಂತ ಗುಣಮಟ್ಟದ ಗುರುತು ಅಚ್ಚಿದ್ರೆ ಎಥನಾಲಿಗೆ ತಡೆಯುತ್ತೆ. ಇವನು ಹಾಕಿದ್ದರ ಮೇಲೆ ಒಂದಕ್ಷರ ಇಲ್ಲ.

ಈಗ ಟ್ಯಾಂಕ್ ಅಂಗಳದಲ್ಲಿ ಬೋರಲು ಬಿದ್ದಿದೆ, ಆ ಬಣ್ಣ ಕೆರೆದು ತೆಗೆಯೋದು ತುಕ್ಕು ತೆಗೆಯೋದಕ್ಕಿಂತ ಕಷ್ಟ. ನಿನ್ನೆ ಅವನದೇ ಮೆಸೇಜ್ ಬಂತು: "ಬೇಜಾರ್ ಮಾಡ್ಕೋಬೇಡಿ ಸರ್, ತಂದುಕೊಡಿ, ಅದರ ಮೇಲೇ ಇನ್ನೊಂದು ಕೋಟ್ ಹೊಡೆದು ಕೊಡ್ತೀನಿ."