ಬಿಸಿಎಲ್-2 ಆ್ಯಂಟಿಬಾಡಿ: ಎಂಟು ತಿಂಗಳು ಬಳಸಿದ ಮೇಲೆ

ಎಂಟು ತಿಂಗಳಿಂದ ಮನುಷ್ಯರ ಬಿಸಿಎಲ್-2 ಪ್ರೋಟೀನನ್ನ ಹಿಡಿಯೋ ಮೊಲದ ಮೋನೋಕ್ಲೋನಲ್ ಆ್ಯಂಟಿಬಾಡಿ (ಪ್ರೋಟೀನಿನ ಒಂದೇ ಜಾಗ ಹಿಡಿಯೋ ಒಂದೇ ಬಗೆಯದು) ಒಂದನ್ನ ಲ್ಯಾಬಲ್ಲಿ ಬಳಸ್ತಿದೀನಿ, ತುಂಬಾ ಇಷ್ಟ ಆಗಿದೆ, ಅದಕ್ಕೇ ಬರೀತಿರೋದು. ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ ಬಿಸಿಎಲ್-2 ಮೈಟೋಕಾಂಡ್ರಿಯಾದ ಹೊರಪೊರೆ ಮೇಲೆ ಕೂತಿರೋ ಪ್ರೋಟೀನು, ಬ್ಯಾಕ್ಸ್, ಬ್ಯಾಕ್ ಅನ್ನೋ ಬೇರೆ ಪ್ರೋಟೀನುಗಳು ಅಲ್ಲಿ ತೂತು ಕೊರೀದ ಹಾಗೆ ತಡೆಯುತ್ತೆ, ತೂತು ಬೀಳ್ಲಿಲ್ಲ ಅಂದ್ರೆ ಸಾವಿಗೆ ಚಾಲನೆ ಕೊಡೋ ಸೈಟೋಕ್ರೋಮ್ ಸಿ ಆಚೆ ಬರಲ್ಲ, ಸೆಲ್ ಸಾಯಲ್ಲ. ಫಾಲಿಕ್ಯುಲರ್ ಲಿಂಫೋಮಾ ಅನ್ನೋ ಬಿ-ಸೆಲ್ ಕ್ಯಾನ್ಸರ್‌ನಲ್ಲಿ 14 ಮತ್ತು 18ನೇ ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗೋ ಜಾಗದಲ್ಲಿ ಸಿಕ್ಕಿದ ಜೀನ್ ಇದು, ಸಾವನ್ನ ತಡೆಯೋದೇ ಇದರ ಕೆಲಸ ಅಂತ ಗೊತ್ತಾಗಿದ್ದು 1988ರಲ್ಲಿ.

ಇದಕ್ಕೂ ಮುಂಚೆ ಬೇರೆ ಕಂಪನಿಯ ಪಾಲಿಕ್ಲೋನಲ್ (ಹಲವು ಆ್ಯಂಟಿಬಾಡಿಗಳ ಮಿಶ್ರಣ) ಇತ್ತು, ಹೆಸರು ಬೇಡ. ವೆಸ್ಟರ್ನ್ ಬ್ಲಾಟಲ್ಲಿ (ಪ್ರೋಟೀನುಗಳನ್ನ ಜೆಲ್ಲಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಪೊರೆಗೆ ಟ್ರಾನ್ಸ್‌ಫರ್ ಮಾಡಿ, ಆ್ಯಂಟಿಬಾಡಿ ಹಾಕಿ ಗುರುತಿಸೋದು) ಬಿಸಿಎಲ್-2 ಬರಬೇಕಾದ 26 ಕಿಲೋಡಾಲ್ಟನ್ ಹತ್ರ ಒಂದು ಬ್ಯಾಂಡು, ಮೇಲೆ ಇನ್ನೊಂದು. ಲಾಟ್ (ತಯಾರಿಕೆಯ ಬ್ಯಾಚ್) ಬದಲಾದ್ಮೇಲೆ ಕೆಳಗಿಂದು ಮಸುಕಾಯ್ತು ಮೇಲಿಂದು ದಪ್ಪ ಆಯ್ತು, ಎರಡು ತಿಂಗಳು ಲೈಸೇಟ್ (ಸೆಲ್ ಒಡೆದು ತೆಗೆದ ದ್ರವ) ಸರಿ ಇಲ್ಲ, ಟ್ರಾನ್ಸ್‌ಫರ್ ಸರಿ ಆಗ್ತಿಲ್ಲ ಅಂತ ಒದ್ದಾಡಿದೀವಿ. ಕೊನೆಗೆ ಬಿಸಿಎಲ್-2 ಜೀನೇ ಇಲ್ಲದ ನಾಕೌಟ್ ಸೆಲ್ ಓಡಿಸಿದಾಗ ಮೇಲಿನ ಬ್ಯಾಂಡು ಹಾಗೇ ಇತ್ತು, ಅಂದ್ರೆ ಅದು ಬಿಸಿಎಲ್-2 ಅಲ್ಲವೇ ಅಲ್ಲ. ಅಲ್ಲಿಗೆ ಅದನ್ನ ಬಿಟ್ವಿ.

ಈಗಿನದ್ರಲ್ಲಿ ನಾಕೌಟ್ ಲೇನ್ ಪೂರ್ತಿ ಖಾಲಿ, ಜರ್ಕಾಟ್ ಅನ್ನೋ ಟಿ-ಸೆಲ್ ಲೈನ್‌ನಲ್ಲಿ ಒಂದೇ ಚೊಕ್ಕ ಬ್ಯಾಂಡು, ಹತ್ತಿರದ ಸಂಬಂಧಿ ಪ್ರೋಟೀನು ಬಿಸಿಎಲ್-ಎಕ್ಸ್‌ಎಲ್ ಜಾಸ್ತಿ ಮಾಡಿದ ಸೆಲ್‌ನಲ್ಲೂ ಅದನ್ನ ಹಿಡೀಲಿಲ್ಲ. 12% ಜೆಲ್, ಆ್ಯಂಟಿಬಾಡಿ 1:1000, 5% ಬಿಎಸ್‌ಎನಲ್ಲಿ (ದನದ ಅಲ್ಬುಮಿನ್ ದ್ರಾವಣ) ರಾತ್ರಿಯಿಡೀ 4 ಡಿಗ್ರಿ, ಇಷ್ಟೇ. ವಯಲ್‌ನಲ್ಲಿ 50% ಗ್ಲಿಸರಾಲ್ ಇರೋದ್ರಿಂದ ಮೈನಸ್ 20ರಲ್ಲೂ ಗಟ್ಟಿಯಾಗಲ್ಲ, ಸಣ್ಣ ಸಣ್ಣದಾಗಿ ಹಂಚಿಡೋ ಗೋಜು ಇಲ್ಲ.

ಆದ್ರೆ ಐಪಿ (ಆ್ಯಂಟಿಬಾಡಿ ಹಾಕಿ ಲೈಸೇಟ್‌ನಿಂದ ಪ್ರೋಟೀನನ್ನ ಎಳೆದು ತೆಗೆಯೋದು) ಮಾಡೋರು ಹುಷಾರು. ಇದರಲ್ಲೇ ಎಳೆದು ಇದರಲ್ಲೇ ಬ್ಲಾಟ್ ಮಾಡಿದ್ರೆ ಆ್ಯಂಟಿಬಾಡಿಯದೇ ಚಿಕ್ಕ ತುಂಡು, ಲೈಟ್ ಚೈನು, 25 ಕಿಲೋಡಾಲ್ಟನ್‌ನಲ್ಲಿ ಬರುತ್ತೆ, ನಿಮ್ಮ ಬಿಸಿಎಲ್-2 ಅದರ ಕೆಳಗೆ ಮುಚ್ಚಿಹೋಗುತ್ತೆ, ನಾನು ಮೊದ್ಲ ಸಲ ಬಿಸಿಎಲ್-2 ಹಿಡಿಯದ ಕಂಟ್ರೋಲ್ ಆ್ಯಂಟಿಬಾಡಿ (ಐಜಿಜಿ) ಲೇನ್‌ನಲ್ಲೂ ಅದೇ ದಪ್ಪ ಬ್ಯಾಂಡ್ ನೋಡಿ ಬೇಜಾರಾಗಿ ಕೂತಿದ್ದೆ. ಆಮೇಲೆ ಇಲಿಯ ಕ್ಲೋನ್‌ನಲ್ಲಿ (ಇಲಿಯಿಂದ ಬಂದ ಮೋನೋಕ್ಲೋನಲ್) ಎಳೆದು ಇದರಲ್ಲಿ ಬ್ಲಾಟ್ ಮಾಡಿ, ಇಲಿ ಐಜಿಜಿನ ಮುಟ್ಟದ ಸೆಕೆಂಡರಿ (ಮೊದಲ ಆ್ಯಂಟಿಬಾಡಿನ ಹಿಡಿದು ತೋರಿಸೋ ಎರಡನೇ ಆ್ಯಂಟಿಬಾಡಿ) ಹಾಕಿದೆ, ಬ್ಯಾಕ್ಸ್ ಜೊತೆ ಅಂಟಿಕೊಂಡಿದ್ದೂ ಸ್ಪಷ್ಟವಾಗಿ ಕಾಣಿಸ್ತು.

ಇಮ್ಯುನೋಫ್ಲೋರೆಸೆನ್ಸ್‌ನಲ್ಲೂ (ಸೆಲ್ ಒಳಗೆ ಪ್ರೋಟೀನು ಎಲ್ಲಿದೆ ಅಂತ ಬೆಳಕಿನ ಬಣ್ಣದಲ್ಲಿ ನೋಡೋದು) ಚೆನ್ನಾಗಿದೆ. ಮೈಟೋಕಾಂಡ್ರಿಯಾ ಮಾರ್ಕರ್ ಜೊತೆ ನೂರಕ್ಕೆ ನೂರು ಸೇರಲ್ಲ ಅಂತ ಗಾಬರಿ ಬೇಡ, ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಸೆಲ್ ಒಳಗಿನ ಪೊರೆಗಳ ಜಾಲ) ಮೇಲೂ ನ್ಯೂಕ್ಲಿಯಸ್ ಸುತ್ತಲಿನ ಪೊರೆ ಮೇಲೂ ಬಿಸಿಎಲ್-2 ಇರುತ್ತೆ.

ನನಗೆ ಬೇಸರ ಇರೋದು ಡೇಟಾಶೀಟ್ ಬಗ್ಗೆ. ಎಪಿಟೋಪ್, ಅಂದ್ರೆ ಆ್ಯಂಟಿಬಾಡಿ ಹಿಡಿಯೋ ಜಾಗ, ಎಲ್ಲಿ ಅಂದ್ರೆ "ಎನ್-ಟರ್ಮಿನಲ್ ಭಾಗ" (ಪ್ರೋಟೀನಿನ ಮೊದಲ ತುದಿ) ಅಂತಷ್ಟೇ ಬರೆದಿದಾರೆ. ಇದು ಸಣ್ಣ ವಿಷಯ ಅಲ್ಲ, ಹಳೇ ಬಿಸಿಎಲ್-2 ಆ್ಯಂಟಿಬಾಡಿ ಕ್ಲೋನ್ 124 ಹಿಡಿಯೋದು 41ರಿಂದ 54ನೇ ಅಮೈನೋ ಆಸಿಡ್, ಕೆಲವು ಫಾಲಿಕ್ಯುಲರ್ ಲಿಂಫೋಮಾಗಳಲ್ಲಿ ಅಲ್ಲೇ ಮ್ಯುಟೇಶನ್ ಆಗಿರುತ್ತೆ, ಆಗ ಪ್ರೋಟೀನ್ ತುಂಬಿದ್ರೂ ಸ್ಟೈನ್ ನೆಗೆಟಿವ್ ಬರುತ್ತೆ. ಟಿಶ್ಯೂ ಮೇಲೆ ಕೆಲಸ ಮಾಡೋರಿಗೆ ಆ ಮಾಹಿತಿ ಬೇಕೇ ಬೇಕು. ಎರಡು ಸಲ ಮೇಲ್ ಮಾಡಿ ಕೇಳಿದೀನಿ, ಉತ್ತರ ಬಂದಿಲ್ಲ, ಹಾಗಾಗಿ ಟಿಶ್ಯೂ ಸೆಕ್ಷನ್‌ಗೆ ಇದೊಂದನ್ನೇ ನಂಬಬೇಡಿ, ಬೇರೆ ಎಪಿಟೋಪ್‌ನ ಇನ್ನೊಂದು ಕ್ಲೋನ್ ಪಕ್ಕದಲ್ಲಿ ಹಾಕಿ.

ಹೋದ ವಾರ ಹೊಸ ಲಾಟ್ ಬಂತು, ಹಳೇದರ ಪಕ್ಕದಲ್ಲೇ ಓಡಿಸಿದೆ, ಎರಡೂ ಒಂದೇ ತರ ಇದೆ, ನಾಕೌಟ್ ಲೇನ್ ಈ ಸಲವೂ ಖಾಲಿ. ಇನ್ನೆರಡು ವಯಲ್‌ಗೆ ಆರ್ಡರ್ ಹಾಕಿದೀವಿ.