ಜೈಸಲ್ಮೇರ್ ಮರಳಿನಲ್ಲಿ ಮಕ್ಕಳನ್ನು ಕ್ವಾಡ್ ಬೈಕ್ ಹತ್ತಿಸುವ ಮುಂಚೆ ಇದನ್ನೊಮ್ಮೆ ಓದಿ

ಈ ಡಿಸೆಂಬರ್ ರಜೆಗೆ ಜೈಸಲ್ಮೇರ್‌ಗೆ ಹೊರಟಿದ್ದೇವೆ ಅಂತ ನಮ್ಮ ಬ್ಯಾಂಕಿನಲ್ಲೇ ಇಬ್ಬರು ಹೇಳಿದರು. ಮಗನ ಶಾಲೆಯ ತಾಯಂದಿರಲ್ಲಿ ಇನ್ನೂ ಮೂರು ಮನೆಯವರು ಹೊರಟಿದ್ದಾರೆ. ಹೋಗಿ ಬನ್ನಿ, ನೋಡಲೇಬೇಕಾದ ಊರು ಅದು. ಆದರೆ ಮರಳಿನಲ್ಲಿ ಕ್ವಾಡ್ ಬೈಕ್, ಅಂದರೆ ನಾಲ್ಕು ದಪ್ಪ ಚಕ್ರದ ಬೈಕಿನಂಥ ಗಾಡಿ, ಓಡಿಸುವ ಆಸೆ ಇದ್ದರೆ, ಅದರಲ್ಲೂ ಮಕ್ಕಳನ್ನು ಅದರ ಮೇಲೆ ಕೂರಿಸುವ ಯೋಚನೆ ಇದ್ದರೆ, ಹೋದ ವರ್ಷ ನಮ್ಮ ಮನೆಗೆ ಆಗಿದ್ದನ್ನು ಓದಿ, ಆಮೇಲೆ ದುಡ್ಡು ಕಟ್ಟಿ. ಆಗ 14 ವರ್ಷದವನಾಗಿದ್ದ ನನ್ನ ಮಗನ ಬಲಗಾಲಿನ ಮೂಳೆಯೊಳಗೆ ಎರಡು ಕಂಬಿ ಹಾಕಿಸಿಕೊಂಡು ದಾವಣಗೆರೆಗೆ ವಾಪಸ್ ಬಂದವರು ನಾವು.

ಜೋಧಪುರದ ರೈಲು ನಮ್ಮೂರ ಮೇಲೇ ಹಾದುಹೋಗುತ್ತದಲ್ಲ, ಹಾಗಾಗಿ ಹೊರಡುವುದು ಕಷ್ಟವೆನಿಸಲಿಲ್ಲ. ನಾನು, ನಮ್ಮ ಯಜಮಾನರು, ಮಗ, ಎಂಟು ವರ್ಷದ ಮಗಳು, ನನ್ನ ತಮ್ಮ, ಅವನ ಹೆಂಡತಿ, ಒಟ್ಟು ಆರು ಜನ. ಜೈಸಲ್ಮೇರ್ ಊರಿನಿಂದ ಸುಮಾರು 40 ಕಿಲೋಮೀಟರ್ ಆಚೆ ಸಮ್ ಅನ್ನುವ ಕಡೆ ಮರಳು ದಿಬ್ಬಗಳಿವೆ. ಪ್ರವಾಸಿಗರ ಟೆಂಟುಗಳೆಲ್ಲ ಅಲ್ಲೇ. ಇಲ್ಲಿಂದಲೇ ಫೋನ್ ಮಾಡಿ ಒಂದು ಕ್ಯಾಂಪ್ ಬುಕ್ ಮಾಡಿದ್ದೆವು. ಟೆಂಟು, ಊಟ, ಒಂಟೆ ಸವಾರಿ, ರಾತ್ರಿ ಹಾಡು ಕುಣಿತ, ಕ್ವಾಡ್ ಬೈಕ್, ಎಲ್ಲ ಸೇರಿ ಫ್ಯಾಮಿಲಿ ಪ್ಯಾಕೇಜ್. ಮಕ್ಕಳಿಗೂ ನಡೆಯುತ್ತಾ ಅಂತ ಕೇಳಿದೆ. ಪೂರ್ತಿ ಸೇಫ್ ಮೇಡಂ, ಇಲ್ಲಿ ಸಣ್ಣ ಸಣ್ಣ ಮಕ್ಕಳೇ ಓಡಿಸುತ್ತಾರೆ ಅಂದರು. ಅಷ್ಟಕ್ಕೇ ಫೋನ್ ಇಟ್ಟೆ. ಸಾಲ ಕೊಡುವಾಗ ಪಾರ್ಟಿಗೆ ಇಪ್ಪತ್ತು ಪ್ರಶ್ನೆ ಕೇಳುವವಳು ನಾನು. ನನ್ನ ಮಕ್ಕಳ ವಿಷಯದಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾವು ದಿಬ್ಬದ ಹತ್ತಿರ ಹೋದಾಗ ಸಂಜೆ ಐದು ಗಂಟೆ. ಸೂರ್ಯಾಸ್ತ ನೋಡಲು ಜಾತ್ರೆಯಂತೆ ಜನ. ಒಂಟೆಗಳು, ಮರಳಿನಲ್ಲಿ ಹಾರಿಸಿಕೊಂಡು ಬರುವ ಜೀಪುಗಳು, ಕ್ವಾಡ್ ಬೈಕುಗಳು ಎಲ್ಲ ಒಂದೇ ಜಾಗದಲ್ಲಿ. ಒಬ್ಬ ಹುಡುಗ ನಾಲ್ಕು ಗಾಡಿ ತಂದು ನಿಲ್ಲಿಸಿದ. ಇಂಗ್ಲಿಷಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ, ನಾವು ಓದಲಿಲ್ಲ. ಹೆಲ್ಮೆಟ್ ಎರಡೇ ಇದ್ದವು. ಮಗನಿಗೆ ಸಿಕ್ಕಿದ್ದು ದೊಡ್ಡವರದ್ದು, ಪಟ್ಟಿಯ ಕೊಕ್ಕೆ ಮುರಿದಿತ್ತು. ಯಜಮಾನರು ಮಗಳನ್ನು ಮುಂದೆ ಕೂರಿಸಿಕೊಂಡರು, ನಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡ ಹಾಗೇ. ನನ್ನ ತಮ್ಮ ತನ್ನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡ. ಅವಳ ದುಪಟ್ಟಾ ಹಿಂದಿನ ಚಕ್ರದ ಮೇಲೆ ಜೋತಾಡುತ್ತಿತ್ತು. ಪಕ್ಕದಲ್ಲಿದ್ದ ಗುಜರಾತಿ ಅಜ್ಜಿಯೊಬ್ಬರು ಕೂಗಿ ಹೇಳಿ ಬಿಚ್ಚಿಸಿದರು. ಆ ತಾಯಿ ಚೆನ್ನಾಗಿರಲಿ. ಗಾಡಿ ಕೊಟ್ಟ ಹುಡುಗನಿಗೂ ಕಾಣಲಿಲ್ಲ, ನಮಗೂ ಕಾಣಲಿಲ್ಲ. ಮಗ ಒಬ್ಬನೇ ಒಂದು ಗಾಡಿ ಹತ್ತಿದ. ನಾನು ಹತ್ತಲಿಲ್ಲ, ಕೆಳಗೆ ನಿಂತು ಫೋಟೋ ತೆಗೆಯುತ್ತಿದ್ದೆ.

ಎರಡು ಸುತ್ತು ಚೆನ್ನಾಗೇ ಹೊಡೆದ. ಮೂರನೇ ಸಲ ದಿಬ್ಬ ಹತ್ತುವಾಗ ಎದುರಿನ ನೆತ್ತಿಯಿಂದ ಜೀಪೊಂದು ತಟ್ಟನೆ ಇಳಿಯಿತು. ಮಗ ಹೆದರಿ ಹ್ಯಾಂಡಲ್ ಪಕ್ಕಕ್ಕೆ ತಿರುಗಿಸಿದ. ದಿಬ್ಬಕ್ಕೆ ಗಾಡಿ ಅಡ್ಡಲಾಯಿತು. ಮೇಲಿನ ಕಡೆಯ ಎರಡು ಚಕ್ರ ಮೆಲ್ಲಗೆ ಎದ್ದಿದ್ದು ನನ್ನ ಕಣ್ಣಿಗೆ ಕಾಣಿಸಿತು, ವೇಗವೇನೂ ಇರಲಿಲ್ಲ. ಆಮೇಲೆ ಗಾಡಿ ಮಗುಚಿತು. ಅವನು ಕೆಳಗೆ, ಅದು ಮೇಲೆ. ಹೆಲ್ಮೆಟ್ ಅಷ್ಟು ಹೊತ್ತಿಗಾಗಲೇ ಉರುಳಿಕೊಂಡು ನನ್ನ ಕಾಲಬುಡಕ್ಕೆ ಬರುತ್ತಿತ್ತು.

ಆ ಗಾಡಿಯ ತೂಕ ಹತ್ತಿರ ಹತ್ತಿರ 250 ಕಿಲೋ. ಅಂದರೆ ಎರಡೂವರೆ ಕ್ವಿಂಟಲ್ ಮೆಕ್ಕೆಜೋಳ ಒಂದು ಮಗುವಿನ ಕಾಲಿನ ಮೇಲೆ. ನಾಲ್ಕು ಜನ ಸೇರಿ ಎತ್ತುವಷ್ಟರಲ್ಲಿ ಬಿಸಿ ಸೈಲೆನ್ಸರ್ ಅವನ ಮೀನಖಂಡವನ್ನು ಸುಟ್ಟಿತ್ತು. ಕೆಳಗೆ ಮರಳು ಮೆತ್ತಗಿದ್ದುದರಿಂದ ಕಾಲು ಜಜ್ಜಿಹೋಗಲಿಲ್ಲ, ಮುರಿಯಿತು ಅಂತ ಆಮೇಲೆ ಡಾಕ್ಟರ್ ಹೇಳಿದರು. ಆಗ ನಾವು ಮಾಡಿದ್ದೆಲ್ಲ ತಪ್ಪೇ. ಕೈ ಒಬ್ಬರು, ಕಾಲು ಒಬ್ಬರು ಹಿಡಿದು ಮೂಟೆಯಂತೆ ಎತ್ತಿದರು. ಯಾರೋ ಓಡಿಹೋಗಿ ಟೂತ್‌ಪೇಸ್ಟ್ ತಂದು ಸುಟ್ಟ ಜಾಗಕ್ಕೆ ಮೆತ್ತಿದರು. ಬೇಡ ಅನ್ನುವಷ್ಟು ಬುದ್ಧಿ ನನಗೂ ಓಡಲಿಲ್ಲ. ಜೈಸಲ್ಮೇರ್‌ನ ಆಸ್ಪತ್ರೆಯಲ್ಲಿ ನರ್ಸ್ ಒಣಗಿದ ಆ ಪೇಸ್ಟನ್ನು, ಅದಕ್ಕೆ ಅಂಟಿದ ಮರಳನ್ನು ಕೆರೆದು ತೆಗೆಯುವಾಗ ನನ್ನ ಮಗ ಕೂಗಿಕೊಂಡಷ್ಟು ಮೂಳೆ ಮುರಿದಾಗಲೂ ಕೂಗಿರಲಿಲ್ಲ. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಸುರಿಯುತ್ತಿರಬೇಕು, ಇನ್ನೇನೂ ಹಚ್ಚಬಾರದು. ನಮ್ಮ ಬ್ಯಾಗಿನಲ್ಲಿ ಐದು ಬಾಟಲ್ ನೀರಿತ್ತು. ಮುರಿದ ಕಾಲನ್ನು ಇದ್ದ ಹಾಗೇ ಇಟ್ಟು, ಎರಡೂ ಪಕ್ಕ ಏನಾದರೂ ಗಟ್ಟಿಯಾದ್ದನ್ನು ಕೊಟ್ಟು ಕಟ್ಟಿ, ಆಮೇಲೆ ಎತ್ತಬೇಕಿತ್ತು.

ಕ್ಯಾಂಪಿನ ಜೀಪಿನಲ್ಲಿ 40 ಕಿಲೋಮೀಟರ್, ನನ್ನ ತೊಡೆಯ ಮೇಲೆ ಅವನ ತಲೆ. ನನ್ನ ಮೊಬೈಲಿಗೆ ಅರ್ಧ ದಾರಿಯವರೆಗೂ ಸಿಗ್ನಲ್ ಇರಲಿಲ್ಲ. ಅಲ್ಲಿ ಎಕ್ಸ್‌ರೇ ತೆಗೆದು, ಕಾಲು ಅಲುಗಾಡದಂತೆ ಪ್ಲಾಸ್ಟರ್ ಸ್ಲ್ಯಾಬ್ ಹಾಕಿ, ಆಪರೇಷನ್ ಬೇಕು, ಜೋಧಪುರಕ್ಕೆ ಹೋಗಿ ಅಂದರು. ಅದು ಇನ್ನೂ 280 ಕಿಲೋಮೀಟರ್. ಇಲ್ಲಿಂದ ಬೆಂಗಳೂರಿಗಿಂತ ದೂರ. ರಾತ್ರಿಯಿಡೀ ಆಂಬುಲೆನ್ಸ್.

ಜೋಧಪುರದ ಆಸ್ಪತ್ರೆಯಲ್ಲಿ, ಮಗನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ಮೇಲೆ, ಕಾರಿಡಾರಿನಲ್ಲಿ ಕೂತು ಹಿಂದಿನ ದಿನದ ಫೋಟೋ ನೋಡುತ್ತಿದ್ದೆ. ಅವನು ಗಾಡಿ ಮೇಲೆ ಕೂತು ಎರಡು ಬೆರಳು ತೋರಿಸಿ ನಗುತ್ತಿದ್ದ ಫೋಟೋ. ದೊಡ್ಡದು ಮಾಡಿ ಅವನ ಮುಖ ನೋಡಿದೆ, ಕೆಳಗೆ ಸರಿಸಿದೆ. ಮುಂದಿನ ಮಡ್‌ಗಾರ್ಡಿನ ಮೇಲೆ ಒಂದು ಸ್ಟಿಕ್ಕರ್. ಅರ್ಧ ಹರಿದಿತ್ತು, ಅದರ ಮೇಲೆ ಬಿಳಿ ಬಣ್ಣದಲ್ಲಿ ಗಾಡಿಯ ನಂಬರ್ ಬರೆದಿದ್ದರು. ಆದರೂ ಕಾಣುತ್ತಿತ್ತು. ಒಂದು ಕೆಂಪು ವೃತ್ತ, ಒಳಗೆ 16 ಅಂತ ಅಂಕಿ, ಅದರ ಮೇಲೆ ಓರೆಯಾಗಿ ಎಳೆದ ಗೆರೆ. ಹದಿನಾರು ತುಂಬದವರು ಹತ್ತಬಾರದು ಅಂತ. ಗಾಡಿ ಮಾಡಿದ ಕಂಪನಿಯವರೇ ಅಂಟಿಸಿದ್ದು. ನಾನು ಫೋಟೋ ತೆಗೆದಿದ್ದೆ, ಓದಿರಲಿಲ್ಲ. ಯಜಮಾನರಿಗೆ ತೋರಿಸಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಾಪುನ ಮುಂದೆ ಕೂರಿಸ್ಕೊಂಡಿದ್ನಲ್ಲೇ" ಅಂದರು.

ಊರಿಗೆ ಬಂದ ಮೇಲೆ ನಮ್ಮ ಮಾವನವರು ಹರಿಹರದ ಕಡೆಯ ಹಳ್ಳಿಯಿಂದ ಮೊಮ್ಮಗನನ್ನು ನೋಡಲು ಬಂದರು. ಭದ್ರಾ ನಾಲೆಯ ಗದ್ದೆಯಲ್ಲಿ ನಲವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರು. ಹೇಗಾಯ್ತು ಅಂತ ನಾನು ಹೇಳಿದ್ದನ್ನೆಲ್ಲ ಕೇಳಿ, "ನಾಲೆ ಏರಿ ಮ್ಯಾಲೆ ಟ್ರ್ಯಾಕ್ಟರ್ ಅಡ್ಡ ತಿರುಗಿಸಿದ್ರೆ ಏನಾಕ್ಕತಿ ಅಂತ ನಮ್ಮ ಊರಾಗ ಸಣ್ಣ ಹುಡುಗ್ರಿಗೂ ಗೊತ್ತೈತಲ್ಲವ್ವ" ಅಂದರು. ಅಷ್ಟೇ ಅದರ ಗುಟ್ಟು. ನಾಲ್ಕು ಚಕ್ರ ಇದೆಯಲ್ಲ, ಬೀಳುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಸೀಟು ಎತ್ತರ, ಚಕ್ರಗಳ ನಡುವಿನ ಅಗಲ ಕಡಿಮೆ. ಇಳಿಜಾರಿಗೆ ಅಡ್ಡವಾದರೆ ಓಡಿಸುವವರು ಸೀಟಿನಿಂದ ಎದ್ದು ಮೈಯನ್ನೆಲ್ಲ ಮೇಲಿನ ಪಕ್ಕಕ್ಕೆ ಹಾಕಿ ಗಾಡಿಯನ್ನು ಹಿಡಿದಿಡಬೇಕು. 40 ಕಿಲೋ ತೂಗುವ ಹುಡುಗ 250 ಕಿಲೋವನ್ನು ಹೇಗೆ ಹಿಡಿದಾನು? ಮುಂದೆ ಮಗು ಕೂತಿದ್ದರೆ ದೊಡ್ಡವರೂ ಅಲ್ಲಾಡಲು ಆಗುವುದಿಲ್ಲ. ಹಿಂದೆ ಒಬ್ಬರು ಕೂತರೆ ಏರಿನಲ್ಲಿ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೇ ಮಗುಚಬಹುದು. ಬಾಡಿಗೆಗೆ ಕೊಡುವ ಬಹುಪಾಲು ಗಾಡಿಗಳು ಒಬ್ಬರಿಗೆಂದೇ ಮಾಡಿದವು. ಸೀಟು ಉದ್ದ ಇರುವುದು ಇನ್ನೊಬ್ಬರು ಕೂರಲಿ ಅಂತಲ್ಲ, ಓಡಿಸುವವರು ಹಿಂದೆ ಮುಂದೆ ಸರಿಯಲಿ ಅಂತ.

ಇನ್ನೊಂದು ವಿಷಯ ನಮ್ಮ ಸ್ಕೂಟರ್ ಅಭ್ಯಾಸದಿಂದ ಬರುವುದು. ಇದರ ಆಕ್ಸಿಲರೇಟರ್ ತಿರುಗಿಸುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವುದು. ಗಾಡಿ ಜಿಗಿದಾಗ ಹೆದರಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತೇವಲ್ಲ, ಆಗ ಹೆಬ್ಬೆರಳು ಇನ್ನೂ ಒತ್ತುತ್ತದೆ. ನಿಲ್ಲಬೇಕಾದ ಗಾಡಿ ನುಗ್ಗುತ್ತದೆ. ಆ ಆಕ್ಸಿಲರೇಟರಿನ ಪಕ್ಕದಲ್ಲೇ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಒಳಗೆ ತಿರುಗಿಸಿದರೆ ಎಷ್ಟು ಒತ್ತಿದರೂ ವೇಗ ಒಂದು ಮಟ್ಟ ದಾಟುವುದಿಲ್ಲ. ಒಂದು ನಿಮಿಷದ ಕೆಲಸ. ಕೆಲವು ಗಾಡಿಗಳಲ್ಲಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ದಾರ ಇರುತ್ತದೆ, ಸವಾರ ಬಿದ್ದ ಕೂಡಲೇ ದಾರ ಕಿತ್ತು ಇಂಜಿನ್ ಆಫ್ ಆಗುತ್ತದೆ. ನಮಗೆ ಯಾರೂ ಸ್ಕ್ರೂ ತಿರುಗಿಸಿಕೊಡಲಿಲ್ಲ, ದಾರ ಕಟ್ಟಲಿಲ್ಲ. ಅವು ಇವೆ ಅಂತ ಗೊತ್ತಿಲ್ಲದಿದ್ದುದರಿಂದ ನಾವೂ ಕೇಳಲಿಲ್ಲ.

ಮರಳು ದಿಬ್ಬದ ರೀತಿಯೂ ನಮ್ಮ ಕಡೆಯ ಗುಡ್ಡದ ಹಾಗಲ್ಲ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಏರು ಎಲ್ಲಿ, ಇಳಿಜಾರು ಎಲ್ಲಿ ಅಂತ ಕಣ್ಣಿಗೆ ಕಾಣುತ್ತದೆ. ಮರಳಿನಲ್ಲಿ ಗಾಳಿ ಬೀಸಿ ಬರುವ ಪಕ್ಕ ನಿಧಾನವಾಗಿ ಏರುತ್ತದೆ, ನೆತ್ತಿ ದಾಟಿದರೆ ಆ ಕಡೆ ಸುಮಾರು 33 ಡಿಗ್ರಿ ಕಡಿದಾದ ಇಳಿಜಾರು, ಸಡಿಲ ಮರಳು. ನೆತ್ತಿಗೆ ಬರುವವರೆಗೂ ಆಚೆ ಏನಿದೆ ಕಾಣುವುದಿಲ್ಲ. ಆಚೆಯಿಂದ ಬರುವವರಿಗೆ ನೀವೂ ಕಾಣುವುದಿಲ್ಲ. ಅದಕ್ಕೇ ಒಳ್ಳೆಯವರು ಗಾಡಿಯ ಹಿಂದೆ ಉದ್ದನೆಯ ಕಡ್ಡಿಗೆ ಕೆಂಪು ಬಾವುಟ ಕಟ್ಟಿರುತ್ತಾರೆ, ಗಾಡಿ ಕಾಣದಿದ್ದರೂ ಬಾವುಟ ಕಾಣಲಿ ಅಂತ. ನಡುಮಧ್ಯಾಹ್ನ ನೆರಳಿಲ್ಲದೆ ಮರಳೆಲ್ಲ ಒಂದೇ ಸಮ ಕಂಡು ಹಳ್ಳ ದಿಣ್ಣೆ ಗೊತ್ತಾಗುವುದಿಲ್ಲ. ಸಂಜೆ ಜನವೋ ಜನ, ಕತ್ತಲೂ ಬೇಗ ಕವಿಯುತ್ತದೆ. ಹೋಗುವುದೇ ಆದರೆ ಬೆಳಗ್ಗೆ ಹೊತ್ತು ಹುಟ್ಟಿದ ಮೇಲೆ ಹೋಗಿ, ಜೀಪುಗಳು ಬರದ ಬೇರೆ ಜಾಗ ಇದೆಯಾ ಅಂತ ಮೊದಲೇ ಕೇಳಿ.

ಇದನ್ನೆಲ್ಲ ನಾನು ತಿಳಿದುಕೊಂಡಿದ್ದು ಮಗ ವಾಕರ್ ಹಿಡಿದು ಓಡಾಡುತ್ತಿದ್ದ ತಿಂಗಳುಗಳಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ತುಂಬದ ಮಕ್ಕಳಿಗೆ ಇದು ಬೇಡವೇ ಬೇಡ ಅನ್ನುತ್ತದೆ. ಆಸ್ಟ್ರೇಲಿಯಾದಲ್ಲಿ ಹೊಲಗಳಲ್ಲಿ ಈ ಗಾಡಿ ಮಗುಚಿ ರೈತರು ಸಾಯುತ್ತಿದ್ದರು. 2021ರ ಅಕ್ಟೋಬರ್‌ನಿಂದ ಅಲ್ಲಿ ಮಾರುವ ಹೊಸ ಗಾಡಿಗಳಿಗೆ, ಮಗುಚಿದರೂ ಸವಾರ ಅಡಿಯಲ್ಲಿ ಸಿಕ್ಕಿ ಅಪ್ಪಚ್ಚಿಯಾಗದಂತೆ ಹಿಂದೆ ಒಂದು ಕಬ್ಬಿಣದ ಕಮಾನು ಕಡ್ಡಾಯ ಮಾಡಿದ್ದಾರೆ. ನಮ್ಮಲ್ಲೂ 2018ರ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿಯಲ್ಲಿ ಎಟಿವಿ ಬಗ್ಗೆ ಬರೆದಿದ್ದಾರೆ. ಕ್ವಾಡ್ ಬೈಕಿಗೇ ಎಟಿವಿ ಅನ್ನುವುದು. ಚಿಕ್ಕಮಗಳೂರು, ಸಕಲೇಶಪುರದ ರೆಸಾರ್ಟುಗಳಲ್ಲೂ ಈಗ ಇದೇ ಗಾಡಿ ಇದೆ, ಹಾಗಾಗಿ ಮರಳುಗಾಡಿಗೆ ಹೋಗದವರೂ ಇದನ್ನು ಓದಿ.

ದುಡ್ಡಿನ ಮಾತು ಒಂದಿಷ್ಟು. ಟಿಕೆಟ್ ಜೊತೆ ತೆಗೆದುಕೊಂಡಿದ್ದ ಪ್ರವಾಸ ವಿಮೆಯಲ್ಲಿ ಸಾಹಸ ಕ್ರೀಡೆಗೆ ಕವರ್ ಇರಲಿಲ್ಲ, ಒಂದು ರೂಪಾಯಿ ಬರಲಿಲ್ಲ. ಮನೆಯ ಆರೋಗ್ಯ ವಿಮೆಯವರೂ ಮೊದಲು ಅದೇ ರಾಗ ಹಾಡಿದರು. ಪಾಲಿಸಿ ತೆಗೆದು ಓದಿದೆ. ವೃತ್ತಿಪರರಾಗಿ ಸಾಹಸ ಕ್ರೀಡೆಯಲ್ಲಿ ಭಾಗವಹಿಸಿದರೆ ಮಾತ್ರ ಕೊಡುವುದಿಲ್ಲ ಅಂತ ಇತ್ತು. ಆ ಸಾಲನ್ನು ಗುರುತು ಹಾಕಿ ಕಳಿಸಿದ ಮೇಲೆ ಕ್ಲೇಮ್ ಆಯಿತು. ನಿಮ್ಮ ಪಾಲಿಸಿಯಲ್ಲಿ ಈ ಸಾಲು ಹೇಗಿದೆ ಅಂತ ಹೊರಡುವ ಮುಂಚೆಯೇ ಓದಿ, ಕಾರ್ಡನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ಕ್ಯಾಂಪಿನವರಿಂದ ಒಂದು ಫೋನೂ ಬರಲಿಲ್ಲ. ನಾವು ಸಹಿ ಹಾಕಿದ ಕಾಗದದಲ್ಲಿ ಎಲ್ಲ ಸವಾರರ ಸ್ವಂತ ಜವಾಬ್ದಾರಿ ಅಂತ ಬರೆದಿತ್ತಂತೆ.

ಮೊನ್ನೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಹೊರಟಿರುವ ನನ್ನ ಸಹೋದ್ಯೋಗಿಯ ಜೊತೆ ಕೂತು ಸ್ಪೀಕರ್ ಹಾಕಿ ಮೂರು ಕ್ಯಾಂಪಿಗೆ ಫೋನ್ ಮಾಡಿದೆವು. ಒಂದು ಗಾಡಿಗೆ ಎಷ್ಟು ಜನ ಕೂರಿಸುತ್ತೀರಿ? ಎಷ್ಟು ವರ್ಷದ ಮೇಲಿನವರಿಗೆ ಕೊಡುತ್ತೀರಿ? ಎಲ್ಲರ ಅಳತೆಗೂ ಪಟ್ಟಿ ಬಿಗಿಯಾಗುವ ಹೆಲ್ಮೆಟ್ ಇದೆಯಾ? ವೇಗದ ಸ್ಕ್ರೂ ಬಿಗಿ ಮಾಡಿಕೊಡುತ್ತೀರಾ? ಮುಂದೆ ಒಬ್ಬ ಗೈಡ್ ಬೇರೆ ಗಾಡಿಯಲ್ಲಿ ಇರುತ್ತಾನಾ? ಏನಾದರೂ ಆದರೆ ಯಾವ ಆಸ್ಪತ್ರೆ, ಯಾವ ಗಾಡಿ? ಮೊದಲನೆಯವರು ಎಲ್ಲಕ್ಕೂ ಹೌದು ಹೌದು ಅಂದರು, ವಯಸ್ಸು ಕೇಳಿದರೆ ಎಂಟು ವರ್ಷದವರೂ ನಡೆಯುತ್ತೆ ಅಂದರು. ಎರಡನೆಯವರಿಗೆ ಸಿಟ್ಟು ಬಂತು, ಇಟ್ಟುಬಿಟ್ಟರು. ಮೂರನೆಯವರು, ಸ್ವಲ್ಪ ವಯಸ್ಸಾದ ದನಿ, "ಮಕ್ಕಳಿಗೆ ನಾವು ಗಾಡಿ ಕೊಡೋದಿಲ್ಲ ಬೆಹನ್‌ಜಿ, ಒಂಟೆ ಕೊಡ್ತೀವಿ" ಅಂತ ಹಿಂದಿಯಲ್ಲಿ ಹೇಳಿದರು. ಅಲ್ಲಿಗೇ ಮುಂಗಡ ಕಳಿಸಿದ್ದಾಳೆ.

ನನ್ನ ಮಗನ ಕಾಲಿನ ಕಂಬಿಗಳನ್ನು ಈ ದಸರಾ ರಜೆಯಲ್ಲಿ ತೆಗೆಸಿದೆವು. ಈಗ ಸರಿಯಾಗಿ ನಡೆಯುತ್ತಾನೆ, ಬೆಳಗ್ಗೆ ಅಪ್ಪನ ಜೊತೆ ಕುಂದವಾಡ ಕೆರೆ ಸುತ್ತುತ್ತಾನೆ. ಮೀನಖಂಡದ ಮೇಲೆ ಅಂಗೈ ಅಗಲದ ಕಲೆ ಉಳಿದಿದೆ. ಸ್ಟಿಕ್ಕರ್ ಇರುವ ಆ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಯಾರಿಗೆ ಬೇಕೋ ಕೇಳಿ, ಕಳಿಸುತ್ತೇನೆ. ನಿಮ್ಮ ಗಾಡಿಯ ಮೇಲೆ ಅದು ಎಲ್ಲಿರುತ್ತದೆ ಅಂತ ಹುಡುಕಲು ಅನುಕೂಲವಾಗುತ್ತದೆ.