ಕಾರಿನ ಮೇಲಿನ ಟೆಂಟೋ, ನೆಲದ ಟೆಂಟೋ? ಉಗಾಂಡದ ಕಾಡಲ್ಲಿ ಎರಡರಲ್ಲೂ ಮಲಗಿ ನೋಡಿದೆವು

ಅಣ್ಣ, ಅತ್ತಿಗೆ ಕಂಪಾಲದಲ್ಲಿದ್ದಾರೆ. ಸೆಪ್ಟೆಂಬರ್ ಕೊನೆಯಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋದೆವು. ನಾಲ್ವರೂ ಸೇರಿ ಪಶ್ಚಿಮ ಉಗಾಂಡ ಸುತ್ತಿದೆವು. ಮೊದಲು ಕಿಬಾಲೆ ಕಾಡು, ಆಮೇಲೆ ಇಶಾಶಾ ಬಯಲು, ಕೊನೆಗೆ ಬ್ವಿಂಡಿ ಬೆಟ್ಟ. ಬಾಡಿಗೆ ಲ್ಯಾಂಡ್ ಕ್ರೂಸರ್‌ನ ತಲೆಮೇಲೆ ಇಬ್ಬರು ಮಲಗುವ ಟೆಂಟ್ ಇತ್ತು. ಉಳಿದಿಬ್ಬರಿಗೆ ನೆಲದಲ್ಲಿ ಹೊಡೆಯುವ ಟೆಂಟ್ ಒಯ್ದಿದ್ದೆವು. ಅದಲುಬದಲು ಮಲಗಿದ್ದರಿಂದ ಎರಡರ ಗುಣವೂ ಗೊತ್ತಾಯ್ತು.

ಕಂಪಾಲದಿಂದ ಕಿಬಾಲೆ ಹತ್ತಿರದ ಪಟ್ಟಣ ಫೋರ್ಟ್ ಪೋರ್ಟಲ್‌ಗೆ ಸುಮಾರು 300 ಕಿ.ಮೀ. ಡಾಂಬರು ಚೆನ್ನಾಗಿದೆ, ನಮ್ಮ ಹಾಗೇ ಎಡಬದಿಯ ಓಡಾಟ. ಕಿಬಾಲೆ ಹತ್ತಿರ ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಕಾರಿನ ಮೇಲಿನ ಟೆಂಟ್ ಹತ್ತೇ ನಿಮಿಷದಲ್ಲಿ ಬಿಚ್ಚಿಕೊಂಡಿತು, ಹಾಸಿಗೆ ಒಳಗೇ ಇತ್ತು. ನೆಲದ ಟೆಂಟಿಗೆ ಬೇರು, ಕಲ್ಲು ಇಲ್ಲದ ಜಾಗ ಹುಡುಕಿ, ಗೂಟ ಹೊಡೆದು ಮುಗಿಸುವಷ್ಟರಲ್ಲಿ ಅರ್ಧ ಗಂಟೆ ದಾಟಿತ್ತು.

ಆ ರಾತ್ರಿ ನೆಲದ ಪಾಳಿ ನಮ್ಮದು. ಗಾಳಿ ಬರಲಿ ಅಂತ ಜಿಪ್ ಒಂದು ಗೇಣು ತೆಗೆದಿಟ್ಟಿದ್ದೆ. ನಡುರಾತ್ರಿ ಕಾಲಿಗೆ ಬೆಂಕಿ ತಾಗಿದ ಹಾಗಾಯ್ತು. ಟಾರ್ಚ್ ಹಾಕಿದರೆ ಇರುವೆಗಳ ಸಾಲು! ಅಲ್ಲಿ ಅದಕ್ಕೆ ಸಿಯಾಫು ಅಂತಾರೆ. ಗೂಡು ಬಿಟ್ಟು ಸಾವಿರಾರು ಸಂಖ್ಯೆಯಲ್ಲಿ ದಂಡು ಕಟ್ಟಿಕೊಂಡು ಬೇಟೆಗೆ ಹೊರಡುತ್ತವೆ. ಕಚ್ಚಿದರೆ ತಲೆ ಮುರಿದರೂ ಹಿಡಿತ ಬಿಡುವುದಿಲ್ಲ. ಬಟ್ಟೆ ಕೊಡವಿ, ಒಂದೊಂದೇ ಕಿತ್ತು, ಬೆಳಗಿನವರೆಗೆ ಕಾರಲ್ಲೇ ಕೂತೆವು. ಮೇಲಿನ ಟೆಂಟಿನಲ್ಲಿದ್ದ ಅಣ್ಣ, ಅತ್ತಿಗೆಗೆ ಒಂದೂ ಇರುವೆ ಕಾಣಲಿಲ್ಲ.

ಹಾಗಂತ ಮೇಲಿನದೇ ಗೆದ್ದಿತು ಅನ್ನುವಂತಿಲ್ಲ. ಮರುದಿನ ಬೆಳಿಗ್ಗೆ 8ಕ್ಕೆ ಚಿಂಪಾಂಜಿ ನೋಡುವ ನಡಿಗೆ. ನಮ್ಮ ಬಿಡಾರ ಪಾರ್ಕಿನ ಹೊರಗಿತ್ತು, ಕಾರು ಬೇಕೇ ಬೇಕು. ಇಬ್ಬನಿಯಲ್ಲಿ ನೆಂದು ಭಾರವಾದ ಕ್ಯಾನ್ವಾಸನ್ನು ಏಣಿ ಮೇಲೆ ನಿಂತು ಮಡಚಬೇಕಾಯ್ತು. ಒಂದೇ ಜಾಗದಲ್ಲಿ ಎರಡು ರಾತ್ರಿ ಇದ್ದರೂ ದಿನಾ ಮಡಚು, ದಿನಾ ಬಿಚ್ಚು. ನೆಲದ ಟೆಂಟನ್ನು ಹಾಗೇ ಬಿಟ್ಟು ಹೋದೆವು. ಕಾಡಿನಲ್ಲಿ ಚಿಂಪಾಂಜಿಗಳ ಗೂಡು ತೋರಿಸಿದರು. ಪ್ರತಿ ಸಂಜೆ ಮರದ ಮೇಲೆ ಸೊಪ್ಪು, ಕೊಂಬೆ ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತವೆ. ನೋಡುತ್ತಾ ನಿಂತುಬಿಟ್ಟೆ.

ಇಶಾಶಾದಲ್ಲಿ ಮಾತ್ರ ಅನುಮಾನವೇ ಬೇಡ, ಮೇಲಿನ ಟೆಂಟೇ ಸರಿ. ಅತ್ತಿಮರ ಹತ್ತಿ ಮಲಗುವ ಸಿಂಹಗಳ ಊರು ಅದು. ಹೊಳೆಯ ನೀರಾನೆಗಳು ಕತ್ತಲಾದ ಮೇಲೆ ದಡಕ್ಕೆ ಬಂದು ಹುಲ್ಲು ಮೇಯುತ್ತವೆ. ಹುಲ್ಲು ಕೀಳುವ ಪರಪರ ಸದ್ದು ಕಾರಿನ ಪಕ್ಕದಲ್ಲೇ ಕೇಳುತ್ತಿತ್ತು. "ನಾವು ಸೀಟಲ್ಲೇ ಮಲಗ್ತೀವಿ" ಅಂದರು ಅತ್ತಿಗೆ. ಅದೇ ಒಳ್ಳೆಯದಾಯ್ತು.

ಅಲ್ಲಿಂದ ಬ್ವಿಂಡಿಗೆ ಕೆಂಪು ಮಣ್ಣಿನ ದಾರಿ. ಅಲ್ಲೂ ಅದಕ್ಕೆ ಮುರ್ರಂ ಅಂತಾರೆ, ನಮ್ಮ ಕಡೆ ಮುರಂ ಅಂತೀವಲ್ಲ ಹಾಗೆ. ಮಳೆ ಬಿದ್ದು ಜಾರುತ್ತಿತ್ತು. ಬ್ವಿಂಡಿ ಕಾಡು 1,160 ಮೀಟರ್‌ನಿಂದ 2,607 ಮೀಟರ್‌ವರೆಗೆ ಏರುತ್ತದೆ, ಎಲ್ಲಿ ನೋಡಿದರೂ ಇಳಿಜಾರು. ಕಾರಿಗೆ ಸಮತಟ್ಟು ಜಾಗ ಸಿಗಲಿಲ್ಲ. ಎರಡು ಚಕ್ರದ ಕೆಳಗೆ ಕಲ್ಲು ಕೊಟ್ಟರೂ ರಾತ್ರಿಯಿಡೀ ಕಾಲಕಡೆಗೆ ಜಾರುತ್ತಿದ್ದೆವು. ಗಾಳಿಗೆ ಕ್ಯಾನ್ವಾಸು ಪಟಪಟ ಬಡಿಯುತ್ತಿತ್ತು. ನನ್ನ ಹೆಂಡತಿಗೆ ಮೊಣಕಾಲು ನೋವು. ಒದ್ದೆ ಏಣಿಯಲ್ಲಿ ರಾತ್ರಿ ಇಳಿಯುವುದು ಅಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಮರುದಿನ ರಾತ್ರಿ ನೆಲದ ಟೆಂಟಿಗೆ ಬಂದೆವು. ಗುಡ್ಡ ಕಡಿದು ಮಾಡಿದ ಪುಟ್ಟ ಮಟ್ಟದಲ್ಲಿ ಅದು ಸರಿಯಾಗಿ ಕೂತಿತ್ತು. ಇಡೀ ಪ್ರವಾಸದಲ್ಲಿ ಗಾಢವಾಗಿ ನಿದ್ದೆ ಬಂದಿದ್ದು ಅವತ್ತೇ.

ದಿನಾ ಜಾಗ ಬದಲಿಸುವವರು, ಬಯಲಲ್ಲಿ ಪ್ರಾಣಿಗಳ ನಡುವೆ ತಂಗುವವರು ಮೇಲಿನ ಟೆಂಟಿಗೆ ದುಡ್ಡು ಕೊಡಿ. ಕಾಡಲ್ಲಿ ಎರಡು ಮೂರು ರಾತ್ರಿ ಒಂದೇ ಕಡೆ ಇರುವುದಾದರೆ ನನ್ನ ಮತ ನೆಲದ ಟೆಂಟಿಗೆ. ಮುಂದಿನ ಸಲ ಬುಡೊಂಗೊ ಕಾಡಿಗೆ ಅದನ್ನೇ ಒಯ್ಯುತ್ತೇವೆ. ಟೆಂಟ್ ಹೊಡೆಯುವ ಮೊದಲು ಟಾರ್ಚ್ ಹಿಡಿದು ಸುತ್ತ ಒಂದು ಸುತ್ತು ಹಾಕಿ. ಇರುವೆ ಸಾಲು ಕಂಡರೆ ಆ ಜಾಗ ಬಿಟ್ಟುಬಿಡಿ. ಜಿಪ್ ಮಾತ್ರ ಕೊನೆಯ ಹಲ್ಲಿನವರೆಗೂ ಎಳೆಯಿರಿ.